ಥೈರಾಯ್ಡ್ ಸೋಂಕು: ತಿಳಿವಳಿಕೆಯೇ ಪೂರ್ವಗ್ರಹವಾಗುವ ಬಗೆ

ಥೈರಾಯ್ಡ್ ಗ್ರಂಥಿಗೆ ಸೋಂಕು ತಗಲುವುದು ಅಪರೂಪ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಗ್ರಂಥಿಯೊಳಗಿನ ಅಯೋಡಿನ್, ಧಾರಾಳ ರಕ್ತಸಂಚಾರ, ಸುತ್ತಲಿನ ಗಟ್ಟಿ ಪೊರೆ ರೋಗಾಣುಗಳನ್ನು ತಡೆಯುತ್ತವೆ. ಅದಕ್ಕೆ ಕ್ಷಯ ಬಾರದೆಂದೇ ಒಂದು ಕಾಲದಲ್ಲಿ ನಂಬಲಾಗಿತ್ತು. 1862ರಲ್ಲಿ ಲೆಬರ್ಟ್ ಅಂಥ ಪ್ರಕರಣವನ್ನು ವರ್ಣಿಸಿದ. ವಿವಾದವಿರುವುದು ಬೇರೆಡೆ. ರೋಗನಿರ್ಣಯದಲ್ಲಿ ವೈದ್ಯರು ಎಡವುವುದಕ್ಕೆ ಮನಸ್ಸಿನ ಪೂರ್ವಗ್ರಹಗಳು ಕಾರಣವೆಂದೂ ಅವನ್ನು ಗುರುತಿಸಲು ಕಲಿಸಬೇಕೆಂದೂ ಪ್ಯಾಟ್ ಕ್ರೊಸ್ಕೆರಿ 2003ರಲ್ಲಿ ವಾದಿಸಿದರು. ಜೆಫ್ರಿ ನಾರ್ಮನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಅಲ್ಲಗಳೆದು, ತಿಳಿವಳಿಕೆಯ ಕೊರತೆಯತ್ತ ಬೆರಳು ತೋರಿದರು.

ಥೈರಾಯ್ಡ್ ಸೋಂಕಿನ ಮಟ್ಟಿಗೆ ಪೂರ್ವಗ್ರಹ ಬೇರೆ, ತಿಳಿವಳಿಕೆಯ ಕೊರತೆ ಬೇರೆ ಎಂಬ ನಾರ್ಮನ್ ಅವರ ಈ ವಿಂಗಡಣೆ ನಿಲ್ಲದು ಎಂಬುದು ನನ್ನ ವಾದ. ಎಲ್ಲ ರೋಗಗಳಿಗೂ ಇದನ್ನು ಹಿಗ್ಗಿಸಲಾರೆ. ಆದರೆ ಇಲ್ಲಿ ಸರಿಯಾದ ತಿಳಿವಳಿಕೆಯೇ ಪೂರ್ವಗ್ರಹವಾಗಿ ಕೆಲಸ ಮಾಡಬಲ್ಲದು. ಸೋಂಕು ಅಪರೂಪವೆಂದು ಚೆನ್ನಾಗಿ ಓದಿಕೊಂಡವರೇ ಜ್ವರ, ಕತ್ತುನೋವು, ರಕ್ತಪರೀಕ್ಷೆಯಲ್ಲಿ ಏರಿದ ಇಎಸ್ಆರ್ ಕಂಡೊಡನೆ ಡಿ ಕ್ವೆರ್ವೈನ್ ಉರಿಯೂತವೆಂದು (ಕೀವಿಲ್ಲದ ಥೈರಾಯ್ಡ್ ಉರಿಯೂತ) ಬಗೆದು ಸ್ಟೀರಾಯ್ಡ್ ಬರೆಯಬಹುದು. ಒಳಗೆ ಕೀವಿದ್ದರೆ ಅದೇ ಔಷಧ ಜ್ವರವನ್ನು ಮರೆಸಿ ಸೋಂಕನ್ನು ಬೆಳೆಸುತ್ತದೆ. ಸಂಡೂರು, ಕಂಪ್ಲಿಗಳಿಂದ ಹೊಸಪೇಟೆಗೆ, ಅಲ್ಲಿಂದ ಬಳ್ಳಾರಿಗೆ ಸಾಗುವ ರೋಗಿಯ ಜೊತೆ ವೈದ್ಯರ ಚೀಟಿಯೂ ಸಾಗುತ್ತದೆ. ಮೊದಲ ಚೀಟಿಯ ಊಹೆ ಮೂರನೆಯದರಲ್ಲಿ ನಿರ್ಣಯವಾಗಿಬಿಡುವ ಅಪಾಯವಿದೆ.

ಕ್ಷಯ ಸಾಮಾನ್ಯವಾದ ನಾಡಿನಲ್ಲಿ ಅದನ್ನು ಮೊದಲು ಶಂಕಿಸಿದರಾಯಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಸಂಡೂರಿನ ಅದಿರುಬಂಡೆಯಲ್ಲಿ ಕಬ್ಬಿಣದೊಡನೆ ಸಿಲಿಕವೂ ಇದೆ. ಅದರ ಧೂಳಿನಿಂದ ಬರುವ ಸಿಲಿಕೋಸಿಸ್ ಶ್ವಾಸಕೋಶದ ಕ್ಷಯದ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆದರೆ ಶ್ವಾಸಕೋಶದ ಮಾತನ್ನು ಕತ್ತಿಗೆ ಏರಿಸಿದರೆ ಅದೂ ಪೂರ್ವಗ್ರಹವೇ. ದಾಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೂಜಿಪರೀಕ್ಷೆಗೊಳಗಾದ 1,283 ಥೈರಾಯ್ಡ್ ಪ್ರಕರಣಗಳಲ್ಲಿ ಕ್ಷಯ ಕಂಡದ್ದು 8ರಲ್ಲಿ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಸೂಜಿಪರೀಕ್ಷೆಯಲ್ಲಿ ಕಾಣುವ ಗ್ರಾನುಲೋಮಾ (ಉರಿಯೂತದ ಕೋಶಗಳ ಗಂಟು) ಕ್ಷಯದಲ್ಲೂ ಇರುತ್ತದೆ, ಡಿ ಕ್ವೆರ್ವೈನ್ ಉರಿಯೂತದಲ್ಲೂ ಇರುತ್ತದೆ. ವರದಿಯಲ್ಲಿನ ಆ ಒಂದು ಪದವನ್ನು ನೆಚ್ಚಿ ಆರು ತಿಂಗಳ ಕ್ಷಯಚಿಕಿತ್ಸೆ ಆರಂಭಿಸುವುದು, ಸ್ಟೀರಾಯ್ಡ್ ಕೊಡುವುದು ಎರಡೂ ಅವಸರವೇ.

ಪ್ರತಿ ಗಳಗಂಡವನ್ನೂ ಶಂಕಿಸಲು ಹೊರರೋಗಿ ವಿಭಾಗಕ್ಕೆ ಬಿಡುವಿಲ್ಲ, ನಿಜ. ಶಂಕೆ ಬೇಕಾದುದು ಕೆಲವೆಡೆ ಮಾತ್ರ: ಜ್ವರದೊಡನೆ ದಿಢೀರನೆ ಊದಿದ ಗ್ರಂಥಿ, ಸ್ಟೀರಾಯ್ಡಿಗೆ ಜಗ್ಗದ ನೋವು, ಮಗುವಿನ ಕತ್ತಿನ ಎಡಭಾಗದಲ್ಲಿ ಮರುಕಳಿಸುವ ಬಾವು. ಈ ಕೊನೆಯದರ ಹಿಂದೆ ಹೆಚ್ಚಾಗಿ ಹುಟ್ಟಿನಿಂದಲೇ ಬಂದ, ಗಂಟಲಿನ ಪಿರಿಫಾರ್ಮ್ ಸೈನಸ್ ನಾಳವಿರುತ್ತದೆ. ಇಂಥ ನಿಯಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಷ್ಟು ತಪ್ಪುಗಳನ್ನು ತಡೆದೀತು ಎಂಬುದು ಅಳೆದು ನೋಡಬೇಕಾದ ಪ್ರಶ್ನೆ. ಅಲ್ಲಿಯವರೆಗೆ ವೈದ್ಯಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಚೀಟಿಯಲ್ಲಿ ರೋಗದ ಹೆಸರಿನ ಪಕ್ಕ ಅದರ ಆಧಾರವನ್ನೂ ಬರೆಯಿರಿ, ಸೂಜಿಯಲ್ಲಿ ಬಂದುದರ ಒಂದು ಪಾಲನ್ನು ಸೂಕ್ಷ್ಮದರ್ಶಕಕ್ಕೆ, ಇನ್ನೊಂದನ್ನು ಕಲ್ಚರ್ ಮತ್ತು ಕ್ಷಯಾಣು ಪತ್ತೆಯ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿ.