ಹಲವು ಮಕ್ಕಳ ತಾಯಿ ಬೇರು, ಘೋಷಾ ಆಸ್ಪತ್ರೆಯ ಬಾಗಿಲು

ಪುಲಿಕೇಶಿನಗರದ ಮಸೀದಿ ರಸ್ತೆಗೆ ಆ ಹೆಸರು ಬಂದದ್ದು ಹಾಜಿ ಸರ್ ಇಸ್ಮಾಯಿಲ್ ಸೇಠರ ಮಸೀದಿಯಿಂದ. ಈ ಕಚ್ಛಿ ಮೆಮನ್ ವರ್ತಕರ ಹೆಸರು ಸಮೀಪದ ಶಿವಾಜಿನಗರದ ಘೋಷಾ ಆಸ್ಪತ್ರೆಯ ಮೇಲೂ ಉಂಟು. ‘ಘೋಷಾ’ ಎಂದರೆ ಪರದೆ. ಪರಪುರುಷರ ಎದುರು ಬಾರದ ಹೆಂಗಸರಿಗಾಗಿ ಸೇಠರ ದಾನದ ನೆರವಿನಿಂದ ಇದು ತಲೆಯೆತ್ತಿತು.

ಅದಕ್ಕೂ ಮುನ್ನ ಹೆರಿಗೆ ಎಂಬುದು ಮನೆಯ ಒಳಕೋಣೆಯ ಮಾತು. ದಂಡುಪ್ರದೇಶದಲ್ಲಿ ಕನ್ನಡದವರಿಗೆ ಸೂಲಗಿತ್ತಿ, ಉರ್ದು ಮಾತಿನವರಿಗೆ ದಾಯಿ, ತಮಿಳರಿಗೆ ಮರುತ್ತುವಚ್ಚಿ ದಿಕ್ಕು. ಅತಿಯಾದ ಮುಟ್ಟಿನ ಸ್ರಾವಕ್ಕೆ ಅಶೋಕದ ತೊಗಟೆಯ ಕಷಾಯ, ಬಾಣಂತಿಗೆ ಶುಂಠಿ, ಹಿಪ್ಪಲಿ, ಓಮ, ಮೆಂತ್ಯ, ಎದೆಹಾಲಿಗೆ ಶತಾವರಿ. ಒಂದೇ ಬುಡದಿಂದ ಗೊಂಚಲುಗೊಂಚಲಾಗಿ ಇಳಿಯುವ ಈ ಶತಾವರಿಯನ್ನು ನಮ್ಮ ಜನ ‘ಹಲವು ಮಕ್ಕಳ ತಾಯಿ ಬೇರು’ ಎಂದು ಕರೆದರು.

ಆದರೆ ಹೆರಿಗೆಯ ನಂತರ ನಿಲ್ಲದೆ ಹರಿಯುವ ರಕ್ತಕ್ಕೂ ಬಾಣಂತಿ ನಂಜಿಗೂ ಈ ಮದ್ದುಗಳು ಸಾಲುತ್ತಿರಲಿಲ್ಲ. ಹಾಗೆಂದು ಆಸ್ಪತ್ರೆಯೆಲ್ಲ ಸುರಕ್ಷಿತವೂ ಆಗಿರಲಿಲ್ಲ. ಯೂರೋಪಿನ ವಿಯೆನ್ನಾದಲ್ಲಿ ವೈದ್ಯರ ವಾರ್ಡಿನಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಶವ ಮುಟ್ಟಿದ ಕೈಗಳೇ ಕಾರಣವೆಂದು ಕಂಡ ಸೆಮ್ಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಸಾವು ಇಳಿಯಿತು. ಜೀವ ಉಳಿಸಿದ್ದು ಕಟ್ಟಡವಲ್ಲ, ಶುಚಿತ್ವ.

ಶುಚಿತ್ವ ಬಂದ ಮೇಲೂ ಹೆಂಗಸರು ಆಸ್ಪತ್ರೆಗೆ ಹಿಂಜರಿದರೆ ಅದನ್ನು ಬರಿಯ ಮೌಢ್ಯವೆನ್ನಲಾಗದು. ಸೂಲಗಿತ್ತಿ ತರುತ್ತಿದ್ದುದು ಬೇರುನಾರನ್ನಷ್ಟೇ ಅಲ್ಲ. ನಾಚದೆ ನೋವು ಹೇಳಿಕೊಳ್ಳಬಹುದಾದ ಹೆಣ್ಣಿನ ಕಿವಿಯನ್ನು. ಘೋಷಾ ಆಸ್ಪತ್ರೆ ಈ ಸಂಕೋಚವನ್ನು ಹೀಯಾಳಿಸದೆ, ಪರದೆಗೆ ಎಡೆಯಿಟ್ಟೇ ಬಾಗಿಲು ತೆರೆಯಿತು.

ಆ ಕಿವಿಯ ಬೆಲೆ ಹಳ್ಳಿಗಳಲ್ಲಿ ಬಹುಕಾಲ ಉಳಿಯಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಹೆರಿಗೆಯ ವಿದ್ಯೆಯನ್ನೂ ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಯ ತಿಳಿವನ್ನೂ ಕಲಿತವರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಕಷಾಯದ ಗುಣಾವಗುಣವನ್ನು ಪ್ರಯೋಗಾಲಯ ಪರೀಕ್ಷಿಸಬಹುದು. ಗರ್ಭಿಣಿ ವೈದ್ಯರನ್ನು ಕೇಳದೆ ಯಾವ ಬೇರನ್ನೂ ಸೇವಿಸಬಾರದೆಂಬುದೂ ನಿಜ. ಆದರೆ ಕೇಳಲು ಅವಳಿಗೆ ಧೈರ್ಯ ಬರಬೇಕಾದರೆ ಆಸ್ಪತ್ರೆಯಲ್ಲಿಯೂ ಒಬ್ಬ ಸೂಲಗಿತ್ತಿಯ ಮನಸ್ಸು ಇರಬೇಕು.