ರೆವಲ್ಯೂಟ್ ಸ್ಟೇಸ್ ಮತ್ತು ಹಣಕಾಸು ಆ್ಯಪ್‌ಗಳ ವಸತಿ ವ್ಯವಹಾರ

ರೆವಲ್ಯೂಟ್ ಸ್ಟೇಸ್ ಎಂಬುದು ಲಂಡನ್ ಮೂಲದ ಹಣಕಾಸು ಆ್ಯಪ್ ರೆವಲ್ಯೂಟ್ 2021ರ ಜುಲೈ ತಿಂಗಳಲ್ಲಿ ಆರಂಭಿಸಿದ ವಸತಿ ಬುಕಿಂಗ್ ಸೇವೆ. ಖಾತೆಯ ಶಿಲ್ಕು ನೋಡುವ, ಹಣ ಕಳಿಸುವ ಆ್ಯಪ್‌ನಲ್ಲಿಯೇ ಹೋಟೆಲ್ ಕೋಣೆ, ಕೆಲವೇ ದಿನಗಳಿಗೆ ಬಾಡಿಗೆಗೆ ಸಿಗುವ ಮನೆ ಮುಂತಾದ ತಂಗುದಾಣಗಳನ್ನು ಹುಡುಕಿ ಕಾಯ್ದಿರಿಸುವ ಅನುಕೂಲವನ್ನು ಇದು ಕೊಟ್ಟಿತು. ಆರಂಭದಲ್ಲಿ 10% ವರೆಗೆ ಕ್ಯಾಶ್‌ಬ್ಯಾಕ್ ಕೂಡ ಇತ್ತು. ನಿಕೊಲಾಯ್ ಸ್ಟೊರೊನ್‌ಸ್ಕಿ ಮತ್ತು ವ್ಲಾಡ್ ಯಾತ್ಸೆಂಕೊ 2015ರಲ್ಲಿ ಹುಟ್ಟುಹಾಕಿದ ರೆವಲ್ಯೂಟ್ ಮೊದಲು ಹೆಸರಾದದ್ದೇ ಪ್ರವಾಸಿಗರ ಕಾರ್ಡ್ ಆಗಿ. ವಿದೇಶದಲ್ಲಿ ಖರ್ಚು ಮಾಡುವಾಗ ಬ್ಯಾಂಕುಗಳು ವಸೂಲು ಮಾಡುತ್ತಿದ್ದ ದುಬಾರಿ ವಿನಿಮಯ ಶುಲ್ಕವನ್ನು ತಪ್ಪಿಸುವುದು ಅದರ ಮೊದಲ ಆಕರ್ಷಣೆ. ಹೀಗಾಗಿ ವಸತಿಯ ಕಡೆಗೆ ತಿರುಗಿದ್ದು ಅದಕ್ಕೆ ಹೊರಗಿನ ವಿಷಯವೇನಲ್ಲ. ಸ್ಟೇಸ್ ಬಂದ ತಿಂಗಳಲ್ಲೇ ಸಾಫ್ಟ್‌ಬ್ಯಾಂಕ್ ಮತ್ತು ಟೈಗರ್ ಗ್ಲೋಬಲ್ ಸಂಸ್ಥೆಗಳ ಮುಂದಾಳತ್ವದಲ್ಲಿ 80 ಕೋಟಿ ಡಾಲರ್ ಬಂಡವಾಳ ಬಂದು, ಕಂಪನಿಯ ಮೌಲ್ಯ 3,300 ಕೋಟಿ ಡಾಲರ್ ಎಂದು ನಿಗದಿಯಾಯಿತು. ಅಷ್ಟು ದೊಡ್ಡ ಮೌಲ್ಯವನ್ನು ಕಾರ್ಡ್ ಪಾವತಿಯ ಆದಾಯವೊಂದರಿಂದಲೇ ಸಮರ್ಥಿಸುವುದು ಕಷ್ಟ. ಈ ವಿಸ್ತರಣೆಯ ನಿಜವಾದ ಕಾರಣ ಅಲ್ಲಿದೆ.

ಪಾವತಿಯ ವ್ಯವಹಾರದಲ್ಲಿ ಉಳಿಯುವ ಲಾಭ ಬಹಳ ತೆಳು. ಯುರೋಪ್ ಒಕ್ಕೂಟದ 2015ರ ನಿಯಮವು ಕಾರ್ಡ್ ಕೊಟ್ಟ ಸಂಸ್ಥೆಗೆ ಅಂಗಡಿಯ ಕಡೆಯಿಂದ ಸಲ್ಲುವ ಇಂಟರ್‌ಚೇಂಜ್ ಶುಲ್ಕಕ್ಕೆ ಮಿತಿ ಹಾಕಿತು: ಡೆಬಿಟ್ ಕಾರ್ಡಿಗೆ 0.2%, ಕ್ರೆಡಿಟ್ ಕಾರ್ಡಿಗೆ 0.3%. ಒಕ್ಕೂಟದಿಂದ ಹೊರಬಂದ ಮೇಲೂ ಬ್ರಿಟನ್ ದೇಶದೊಳಗಿನ ವ್ಯವಹಾರಕ್ಕೆ ಇದೇ ಮಿತಿಯನ್ನು ಉಳಿಸಿಕೊಂಡಿತು. ಗ್ರಾಹಕರೊಬ್ಬರು 500 ಪೌಂಡ್ ಕೊಟ್ಟು ಒಂದು ಮನೆಯನ್ನು ಬಾಡಿಗೆಗೆ ಹಿಡಿದರೆ, ಡೆಬಿಟ್ ಕಾರ್ಡ್ ಕೊಟ್ಟ ಸಂಸ್ಥೆಗೆ ಈ ಲೆಕ್ಕದಲ್ಲಿ ದಕ್ಕುವುದು 1 ಪೌಂಡ್. ಅದೇ ಬುಕಿಂಗನ್ನು ಮಾಡಿಸಿಕೊಟ್ಟ ಮಧ್ಯವರ್ತಿಗೆ, ಈ ಕ್ಷೇತ್ರದಲ್ಲಿ ಸಾಮಾನ್ಯವಾದ 15% ಆಸುಪಾಸಿನ ಕಮಿಷನ್ ಪ್ರಕಾರ, 75 ಪೌಂಡ್. ಅದರಲ್ಲಿ 50 ಪೌಂಡನ್ನು ಕ್ಯಾಶ್‌ಬ್ಯಾಕ್ ಆಗಿ ಹಿಂದಿರುಗಿಸಿದರೂ ಉಳಿಯುವ 25 ಪೌಂಡಿನಲ್ಲಿ, ಕೋಣೆ ಮನೆಗಳ ಪಟ್ಟಿಯನ್ನು ಆ್ಯಪ್‌ಗೆ ಒದಗಿಸುವ ಸಗಟು ಪೂರೈಕೆದಾರರ ಪಾಲು ಕಳೆದು ಬರುವುದು ಪಾವತಿ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚಾಗಿರಬಲ್ಲದು. ಕ್ಯಾಶ್‌ಬ್ಯಾಕ್ ಔದಾರ್ಯವಲ್ಲ, ಮನೆಯ ಮಾಲೀಕರಿಂದ ಬರುವ ಕಮಿಷನ್ನಿನ ಒಂದು ತುಂಡು ಎಂಬುದು ಈ ಗಣಿತದಿಂದ ತಿಳಿಯುತ್ತದೆ. ಹೊಸ ಗ್ರಾಹಕರನ್ನು ಹುಡುಕುವ ಜಾಹೀರಾತು ಖರ್ಚೂ ಇಲ್ಲಿ ಕಡಿಮೆ: ಯಾರು ವಿಮಾನದ ಟಿಕೆಟ್ ಕೊಂಡರು, ಯಾರು ಯಾವ ದೇಶದ ಹಣ ಕೊಂಡರು ಎಂಬುದು ಹಣಕಾಸು ಆ್ಯಪ್‌ಗೆ ಮೊದಲೇ ಗೊತ್ತಿರುತ್ತದೆ.

ಹಣ ಮತ್ತು ಪ್ರವಾಸ ಒಂದೇ ಸೂರಿನಡಿ ಬಂದದ್ದು ಹೊಸದೇನಲ್ಲ ಎಂಬ ಆಕ್ಷೇಪಕ್ಕೆ ಚರಿತ್ರೆಯ ಬೆಂಬಲವಿದೆ. ಥಾಮಸ್ ಕುಕ್ ಸಂಸ್ಥೆ 1868ರಲ್ಲೇ ಹೋಟೆಲ್ ಕೂಪನ್ ಮಾರಿತು, 1874ರಲ್ಲಿ ಪ್ರವಾಸಿಗರು ಪರದೇಶದಲ್ಲಿ ನಗದು ಮಾಡಿಸಿಕೊಳ್ಳಬಹುದಾದ ಪತ್ರಗಳನ್ನು ಹೊರತಂದಿತು. 1850ರಲ್ಲಿ ಸರಕು ಸಾಗಣೆಗೆ ಹುಟ್ಟಿದ ಅಮೆರಿಕನ್ ಎಕ್ಸ್‌ಪ್ರೆಸ್ 1891ರಲ್ಲಿ ಟ್ರಾವೆಲರ್ಸ್ ಚೆಕ್, 1915ರಲ್ಲಿ ಪ್ರವಾಸ ವಿಭಾಗ ತೆರೆಯಿತು. ಆದರೆ ಕುಕ್‌ನ ಕೂಪನ್ ಕೊಂಡವರ ಸಂಬಳ ಕುಕ್‌ನ ಬಳಿ ಜಮಾ ಆಗುತ್ತಿರಲಿಲ್ಲ. ಕೂಪನ್ ಕೈಕೊಟ್ಟರೆ ತಮ್ಮ ಹಣವನ್ನು ಹಿಂದಕ್ಕೆ ಪಡೆಯಲು ಅವರು ಕುಕ್‌ನದೇ ಇನ್ನೊಂದು ಕಿಟಕಿಗೆ ಅರ್ಜಿ ಹಾಕಬೇಕಾಗಿರಲಿಲ್ಲ. ಇಂದಿನ ಬದಲಾವಣೆ ಇರುವುದು ಇಲ್ಲಿ. ಬುಕ್ ಮಾಡಿದ ಮನೆಗೆ ಹೋದಾಗ ಬಾಗಿಲಿಗೆ ಬೀಗವಿದ್ದರೆ, ಚಿತ್ರದಲ್ಲಿ ಕಂಡದ್ದೇ ಬೇರೆ ಇರುವುದೇ ಬೇರೆ ಎಂದಾದರೆ, ಕಾರ್ಡ್ ಬಳಸಿದವರು ತಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣದ ವಾಪಸಿ, ಕೋರುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳ ನಿಯಮದಂತೆ ಗ್ರಾಹಕರ ಪರವಾಗಿ ವ್ಯಾಪಾರಿಯ ಬ್ಯಾಂಕಿನೊಡನೆ ವಾದಿಸುವುದು ಕಾರ್ಡ್ ಕೊಟ್ಟ ಸಂಸ್ಥೆ. ಆ ಸಂಸ್ಥೆಯೇ ಬುಕಿಂಗಿನಿಂದ ಕಮಿಷನ್ ಪಡೆದಿದ್ದರೆ ತಕ್ಕಡಿ ಹಿಡಿದವರೇ ಸರಕಿನ ಮಾಲೀಕರೂ ಆದಂತಾಗುತ್ತದೆ. ಅದು ದುರುದ್ದೇಶದಿಂದ ನಡೆಯುತ್ತದೆ ಎಂದು ಹೇಳಬೇಕಿಲ್ಲ. ಗ್ರಾಹಕರ ಪರ ವಕಾಲತ್ತು ವಹಿಸುವವರ ಹಿತ ಎದುರು ಪಕ್ಷದ ಜೊತೆ ಸೇರಿಕೊಂಡಿದೆ ಎಂಬುದೇ ಸಾಕು ಆತಂಕಪಡಲು.

ಕಾನೂನಿನ ರಕ್ಷಣೆ ಇದೆಯಲ್ಲ ಎನ್ನಬಹುದು. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿ, 100 ಪೌಂಡ್ ಮೀರಿದ ಮತ್ತು 30,000 ಪೌಂಡಿನವರೆಗಿನ ಬೆಲೆಯ ಸರಕು ಸೇವೆಗಳಿಗೆ ವ್ಯಾಪಾರಿಯ ಜೊತೆ ಸಾಲ ಕೊಟ್ಟ ಸಂಸ್ಥೆಯನ್ನೂ ಸಮಾನ ಹೊಣೆಗಾರನನ್ನಾಗಿ ಮಾಡುತ್ತದೆ. ಇದು ಕಾನೂನಿನ ಹಕ್ಕು, ಚಾರ್ಜ್‌ಬ್ಯಾಕ್‌ನಂತೆ ಜಾಲದ ನಿಯಮವಲ್ಲ. ಆದರೆ ಇದು ಕ್ರೆಡಿಟ್ ಕಾರ್ಡಿಗೆ ಅನ್ವಯಿಸುತ್ತದೆ. ಹಣಕಾಸು ಆ್ಯಪ್‌ಗಳ ಬಹುಪಾಲು ಬಳಕೆದಾರರ ಕೈಯಲ್ಲಿರುವುದು ಡೆಬಿಟ್ ಅಥವಾ ಮುಂಗಡ ಹಣ ತುಂಬಿದ ಕಾರ್ಡ್. ಕ್ರೆಡಿಟ್ ಕಾರ್ಡ್ ಬಳಸಿದರೂ ಸಾಲಗಾರ, ಸಾಲ ಕೊಟ್ಟವರು, ಪೂರೈಕೆದಾರ ಈ ಮೂವರ ನಡುವೆ ನೇರ ಕೊಂಡಿ ಇರಬೇಕು, ನಡುವೆ ಮಧ್ಯವರ್ತಿ ಬಂದಾಗ ಆ ಕೊಂಡಿ ಕಳಚುವ ಸಂಭವವಿದೆ. ಮನೆಯ ಮಾಲೀಕ, ಸಗಟು ಪೂರೈಕೆದಾರ, ಆ್ಯಪ್ ಎಂಬ ಸರಪಳಿಯಲ್ಲಿ ಹಣ ಹಾದುಹೋಗುವ ವ್ಯವಹಾರಕ್ಕೆ ಇದು ಸಣ್ಣ ಮಾತಲ್ಲ. ದೂರು ಹಣಕಾಸು ಸಂಸ್ಥೆಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಬಳಿಗೆ ಹೋದರೂ ಅಲ್ಲಿ ಮುಖ್ಯವಾಗಿ ಪರಿಶೀಲನೆಯಾಗುವುದು ಹಣಕಾಸು ಸಂಸ್ಥೆ ನಡೆದುಕೊಂಡ ಬಗೆ; ಮನೆ ವಾಸಕ್ಕೆ ಯೋಗ್ಯವಾಗಿತ್ತೇ ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆಯಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಏರ್‌ಬಿಎನ್‌ಬಿಯಂಥ ದೈತ್ಯರಿಗೆ ಎದುರಾಳಿಗಳು ಬಂದರೆ ಗ್ರಾಹಕರಿಗೆ ಒಳ್ಳೆಯದಲ್ಲವೇ? ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊ ಗುಂಪಿಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿದ್ದು, ಬೇರೆಡೆ ಕಡಿಮೆ ಬೆಲೆಗೆ ಕೋಣೆ ಕೊಡದಂತೆ ಹೋಟೆಲುಗಳನ್ನು ಕಟ್ಟಿಹಾಕಿದ್ದೂ ಸೇರಿದಂತೆ ಸ್ಪರ್ಧೆಗೆ ಅಡ್ಡಿಯಾದ ನಡೆಗಳಿಗಾಗಿ. ಸ್ಪರ್ಧೆ ಬೇಕು ಎಂಬುದು ನಿಜ. ಆದರೆ ಹಣಕಾಸು ಆ್ಯಪ್‌ಗಳು ತಾವಾಗಿ ಮನೆಗಳನ್ನು ಹುಡುಕಿ ಮಾಲೀಕರೊಡನೆ ಒಪ್ಪಂದ ಮಾಡಿಕೊಳ್ಳುವುದು ವಿರಳ. ಸಾಮಾನ್ಯವಾಗಿ ಸಗಟು ಪೂರೈಕೆದಾರರ ಪಟ್ಟಿಯನ್ನೇ ತಮ್ಮ ಪರದೆಯಲ್ಲಿ ತೋರಿಸುತ್ತವೆ. ಆಗ ಪೈಪೋಟಿ ನಡೆಯುವುದು ಕ್ಯಾಶ್‌ಬ್ಯಾಕ್‌ನ ಪ್ರಮಾಣದಲ್ಲಿ. ಒಳ್ಳೆಯ ಮನೆ ಯಾವುದು, ಮಾಲೀಕರಿಗೆ ಎಷ್ಟು ಉಳಿಯುತ್ತದೆ ಎಂಬುದರಲ್ಲಿ ಅಲ್ಲ. ಮಾರುವ ಕಿಟಕಿಗಳು ಹೆಚ್ಚಾದಷ್ಟೂ, ಅಲ್ಪಾವಧಿ ಬಾಡಿಗೆಗೆ ಮಿತಿ ಹಾಕುವ ನಗರಾಡಳಿತಗಳ ಕೆಲಸ ಕಠಿಣವಾಗುತ್ತದೆ. ಲಂಡನ್‌ನಲ್ಲಿ ಇಡೀ ಮನೆಯನ್ನು ಅನುಮತಿಯಿಲ್ಲದೆ ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಹೀಗೆ ಬಾಡಿಗೆಗೆ ಕೊಡುವಂತಿಲ್ಲ. ಬಾರ್ಸಿಲೋನಾ 2028ರ ಕೊನೆಯೊಳಗೆ 10,101 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿ ಮುಗಿಸುವುದಾಗಿ 2024ರಲ್ಲಿ ಘೋಷಿಸಿತು. ಒಂದೇ ಮನೆ ಹತ್ತು ಆ್ಯಪ್‌ಗಳಲ್ಲಿ ಕಂಡಾಗ ಆ ರಾತ್ರಿಗಳನ್ನು ಎಣಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಯುರೋಪ್ ಒಕ್ಕೂಟ 2024ರಲ್ಲಿ ನಿಯಮ ತಂದು, ನೋಂದಣಿ ಸಂಖ್ಯೆ ತೋರಿಸುವುದನ್ನೂ ಬುಕಿಂಗ್ ಮಾಹಿತಿ ಸರ್ಕಾರಕ್ಕೆ ಕೊಡುವುದನ್ನೂ ವೇದಿಕೆಗಳ ಹೊಣೆಯಾಗಿಸಿತು. ಅನ್ವಯದ ದಿನಾಂಕವಾಗಿ 2026ರ ಮೇ 20ನ್ನು ಗೊತ್ತುಮಾಡಲಾಯಿತು.

ಪಾವತಿಯ ತೆಳು ಲಾಭ ಹುಟ್ಟಿಸುವ ಒತ್ತಡ ಭಾರತದಲ್ಲಿ ಇನ್ನೂ ತೀವ್ರ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿಲ್ಲ, ಅಂದರೆ ಪಾವತಿಯ ಆದಾಯ ಹೆಚ್ಚುಕಡಿಮೆ ಶೂನ್ಯ. ಬೆಂಗಳೂರಿನ ಫೋನ್‌ಪೇ 2018ರಲ್ಲೇ ‘ಸ್ವಿಚ್’ ಹೆಸರಿನಲ್ಲಿ ಪ್ರಯಾಣ, ವಸತಿ ಸೇವೆಗಳ ಆ್ಯಪ್‌ಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಪೇಟಿಎಂ ಅದೇ ವರ್ಷ ಹೋಟೆಲ್ ಬುಕಿಂಗ್ ಕಂಪನಿ ನೈಟ್‌ಸ್ಟೇಯನ್ನು ಕೊಂಡಿತು. 2024ರಲ್ಲಿ ಪೇಟಿಎಂ ಸಿನಿಮಾ ಹಾಗೂ ಕಾರ್ಯಕ್ರಮಗಳ ಟಿಕೆಟ್ ವ್ಯವಹಾರವನ್ನು 2,048 ಕೋಟಿ ರೂಪಾಯಿಗೆ ಜೊಮ್ಯಾಟೊಗೆ ಮಾರಿದರೂ ಪ್ರಯಾಣದ ವಿಭಾಗವನ್ನು ಬಿಟ್ಟುಕೊಡಲಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟದ ಹೋಮ್‌ಸ್ಟೇ ನಡೆಸುವವರಿಗೆ ಇದು ದೂರದ ಸುದ್ದಿಯಲ್ಲ. ಆ್ಯಪ್‌ನಿಂದ ಬರುವ ಪ್ರತಿ ಅತಿಥಿಯ ಬಾಡಿಗೆಯಲ್ಲಿ ಮಧ್ಯವರ್ತಿಗಳ ಪಾಲು ಮೊದಲೇ ಕಳೆದಿರುತ್ತದೆ. ಸಾಂಪ್ರದಾಯಿಕ ಬ್ಯಾಂಕುಗಳಿಗೆ ಸರಕು ವ್ಯಾಪಾರವನ್ನು ನಿಷೇಧಿಸುವ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ವಿಧಿ, ಬ್ಯಾಂಕ್ ಅಲ್ಲದ ಈ ಆ್ಯಪ್‌ಗಳನ್ನು ಮುಟ್ಟುವುದಿಲ್ಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹಣದ ಕೆಲಸವನ್ನು ವ್ಯಾಪಾರದಿಂದ ದೂರವಿಡುವ ಇಂಥದ್ದೇ ಒಂದು ತತ್ವವನ್ನು ಬೇರೆ ದಿಕ್ಕಿನಿಂದ ಮುಂದಿಟ್ಟಿತು: ಆನ್‌ಲೈನ್ ಮಾರುಕಟ್ಟೆ ನಡೆಸುವವರು ಪಾವತಿ ಸಂಗ್ರಹದ ಕೆಲಸವನ್ನೂ ಮಾಡುವುದಾದರೆ ಅದನ್ನು ಪ್ರತ್ಯೇಕಿಸಿ ಬೇರೆ ಅನುಮತಿ ಪಡೆಯಬೇಕು, ವ್ಯಾಪಾರಿಗಳ ಹಣವನ್ನು ಬೇರೆಯಾಗಿ ಕಾಯ್ದಿಡುವ ಎಸ್ಕ್ರೊ ಖಾತೆಯಲ್ಲಿ ಇಡಬೇಕು. ವ್ಯಾಪಾರಿಗಳ ಹಣದ ಸುರಕ್ಷತೆಗೆ ಈ ಗೆರೆ ನೆರವಾಗುತ್ತದೆ. ಅತಿಥಿಯ ದೂರನ್ನು ತೀರ್ಮಾನಿಸುವ ವಿಭಾಗವನ್ನು ಕಮಿಷನ್ ಪಡೆಯುವ ವಿಭಾಗದಿಂದ ಬೇರ್ಪಡಿಸುವ ಕೆಲಸ ಅದರ ವ್ಯಾಪ್ತಿಗೆ ಬರುವುದಿಲ್ಲ.