ಮೂರನೆಯ ಸಾಲಿನ ಕಾಗದದ ಚೂರು

1952ನೆಯ ಇಸವಿ. ನ್ಯೂಯಾರ್ಕ್ ನಗರದ ಈಸ್ಟ್ ಹಾರ್ಲೆಮ್ ಬಡಾವಣೆಯ ಪಬ್ಲಿಕ್ ಸ್ಕೂಲ್ 179ಕ್ಕೆ ನೀಳಕಾಯದ ಯುವಕನೊಬ್ಬ ಮೇಷ್ಟರಾಗಿ ಬಂದ. ಹೆಸರು ಆಲ್ಬರ್ಟ್ ಶ್ಯಾಂಕರ್. ತಂದೆ ಬೆಳಗಾಗುವ ಮುನ್ನವೇ ಪತ್ರಿಕೆ ಹಂಚಲು ಹೊರಡುತ್ತಿದ್ದವರು, ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸಗಾರ್ತಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಮಗನಿಗೆ ಕೈಯಲ್ಲಿ ಕಾಸಿಲ್ಲದೆ ಪಾಠ ಹೇಳುವ ಕೆಲಸವೇ ಗತಿಯಾಯಿತು. ತತ್ತ್ವಶಾಸ್ತ್ರಕ್ಕೂ ಆ ತರಗತಿಗೂ ಎತ್ತಣಿಂದೆತ್ತ! ಮಕ್ಕಳ ಗದ್ದಲ ಅವನ ಹತೋಟಿ ಮೀರಿತು. ಹಾಗೇ ಒಂದೆರಡು ವಾರ ಕಳೆದ ಮೇಲೆ ಒಂದು ದಿನ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಉಪಮುಖ್ಯೋಪಾಧ್ಯಾಯರು ನಿಂತಿದ್ದರು. ಸದ್ಯ, ಯಾರಾದರೂ ನೆರವಿಗೆ ಬಂದರಲ್ಲ ಎಂದು ಶ್ಯಾಂಕರ್ ಉಸಿರು ಬಿಟ್ಟ. ಬಂದವರು ಬೆರಳು ತೋರಿ, ಮೂರನೆಯ ಸಾಲಿನ ನೆಲದ ಮೇಲೆ ಕಾಗದ ಬಿದ್ದಿದೆ, ನೋಡಲು ಚೆನ್ನಾಗಿಲ್ಲ, ಇದು ಶಿಕ್ಷಕ ವೃತ್ತಿಯ ಘನತೆಗೆ ತಕ್ಕುದಲ್ಲ ಎಂದು ಹೇಳಿ ಬಾಗಿಲು ಮುಚ್ಚಿಕೊಂಡು ಹೋದರು.

ಈ ಪ್ರಸಂಗವನ್ನು ಶ್ಯಾಂಕರ್ ಬದುಕಿರುವವರೆಗೂ ಹೇಳುತ್ತಲೇ ಇದ್ದ. ಅಂದು ಕಿವಿಗೆ ಬಿದ್ದ ‘ವೃತ್ತಿಯ ಘನತೆ’ ಎಂಬ ಮಾತೇ ಮುಂದಿನ ಇಪ್ಪತ್ತು ವರ್ಷಗಳ ಕಥೆಯ ತಿರುಳು.

ಆ ಕಾಲದ ನ್ಯೂಯಾರ್ಕಿನಲ್ಲಿ ನಲವತ್ತು ಸಾವಿರದಷ್ಟು ಶಿಕ್ಷಕರಿದ್ದರು. ಅವರಿಗೆ ನೂರಕ್ಕೂ ಹೆಚ್ಚು ಸಂಘಗಳಿದ್ದವು. ಯಹೂದಿಗಳದೊಂದು, ಕ್ಯಾಥೊಲಿಕರದೊಂದು, ಪ್ರೌಢಶಾಲೆಯವರದೊಂದು, ಒಂದೊಂದು ಪೇಟೆಗೆ ಒಂದೊಂದು. ಜಾತಿಗೊಂದು ಸಂಘ, ವಿಷಯಕ್ಕೊಂದು ಸಂಘ ಕಂಡ ನಮಗೆ ಇದೇನೂ ಹೊಸತಲ್ಲ. ಬ್ರೂಕ್ಲಿನ್ನಿನ ಲಿವಿಂಗ್‌ಸ್ಟನ್ ಬೀದಿಯ 110ನೆಯ ನಂಬರಿನ ಕಟ್ಟಡದಲ್ಲಿ ಕುಳಿತ ಶಿಕ್ಷಣ ಮಂಡಳಿ ಎಲ್ಲರ ಅಹವಾಲನ್ನೂ ಆಲಿಸುತ್ತಿತ್ತು, ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಮೇಡಮ್ಮುಗಳು ಮಧ್ಯಾಹ್ನದ ಬ್ರೆಡ್ಡನ್ನು ಮಕ್ಕಳ ಕಾವಲು ಕಾಯುತ್ತಲೇ ತಿನ್ನಬೇಕು. ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಬಡಿದಾಡುವ ಹುಡುಗರ ಮೇಲೆ. ಸಂಬಳದ ಮಾತು ಬಂದರೆ ‘ನೀವು ಕೂಲಿಕಾರರಲ್ಲ, ವೃತ್ತಿಪರರು’ ಎಂಬ ಸಮಾಧಾನ. ಊಟದ ಬಿಡುವು ಕೇಳಿದರೆ ನೆಲದ ಮೇಲಿನ ಕಾಗದ ಹೆಕ್ಕಿ ಎಂಬ ಅಪ್ಪಣೆ.

1960ರ ಮಾರ್ಚಿನಲ್ಲಿ ಎರಡು ಬಣಗಳು ಒಂದಾಗಿ ಯುನೈಟೆಡ್ ಫೆಡರೇಷನ್ ಆಫ್ ಟೀಚರ್ಸ್ ಹುಟ್ಟಿತು. ಅಧ್ಯಕ್ಷರು ಚಾರ್ಲ್ಸ್ ಕೋಗನ್, ಸಂಘಟನೆಗೆ ಡೇವಿಡ್ ಸೆಲ್ಡನ್, ಜೊತೆಗೆ ಶ್ಯಾಂಕರ್. ಅವರು ಕೇಳಿದ್ದು ಸಾಮೂಹಿಕ ಚೌಕಾಸಿಯ ಹಕ್ಕು. ಕನ್ನಡದ ಈ ಮಾತಿಗೆ ಸೊಪ್ಪಿನ ಸಂತೆಯ ವಾಸನೆಯಿದೆ. ಹೇಳುವುದಾದರೆ ಅಂದಿನ ಮಂಡಳಿಗೂ ಅದು ಹಾಗೇ ಕೇಳಿಸಿತು. ಮೇಷ್ಟರು ಮೇಜಿನ ಎದುರು ಸರಿಸಮನಾಗಿ ಕುಳಿತು ಕರಾರು ಬರೆಸಿಕೊಳ್ಳುವುದೆಂದರೇನು? ಕಾಂಡನ್-ವಾಡ್ಲಿನ್ ಕಾಯ್ದೆ 1947ರಿಂದಲೂ ಜಾರಿಯಲ್ಲಿತ್ತು. ಸರ್ಕಾರಿ ನೌಕರ ಮುಷ್ಕರ ಹೂಡಿದರೆ ಕೆಲಸದಿಂದ ವಜಾ. ಮತ್ತೆ ತೆಗೆದುಕೊಂಡರೂ ಮೂರು ವರ್ಷ ಸಂಬಳದ ಏರಿಕೆಯಿಲ್ಲ. ಅಷ್ಟು ಕಠೋರವಾದ ಕತ್ತಿಯನ್ನು ಒರೆಯಿಂದ ಹೊರಗೆಳೆಯಲು ಆಳುವವರಿಗೇ ಅಳುಕು.

ಸಂಘ ದಿನ ಆರಿಸಿಕೊಂಡ ಬಗೆಯಲ್ಲಿ ಜಾಣತನವಿತ್ತು. 1960ರ ನವೆಂಬರ್ 7, ಕೆನಡಿ-ನಿಕ್ಸನ್ ಚುನಾವಣೆಯ ಹಿಂದಿನ ದಿನ. ಸುಮಾರು ಐದು ಸಾವಿರ ಮಂದಿ ಶಾಲೆಯೊಳಕ್ಕೆ ಹೋಗದೆ ಗೇಟಿನ ಮುಂದೆ ಫಲಕ ಹಿಡಿದು ನಡೆದರು. ಉಳಿದವರು ಎಂದಿನಂತೆ ಒಳಗೆ ಪಾಠ ಮಾಡಿದರು. ಲೆಕ್ಕದಲ್ಲಿ ಇದು ಸೋಲೇ. ಆದರೆ ಮೇಯರ್ ರಾಬರ್ಟ್ ವ್ಯಾಗ್ನರ್‌ಗೆ ಒಂದು ಇಕ್ಕಟ್ಟಿತ್ತು. ದೇಶದ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು 1935ರಲ್ಲಿ ಕಾಯ್ದೆಯಾಗಿ ಬರೆದುಕೊಟ್ಟ ಸೆನೆಟರ್ ವ್ಯಾಗ್ನರ್ ಅವನ ಸ್ವಂತ ತಂದೆ. ಅಪ್ಪನ ಹೆಸರಿನ ಕಾಯ್ದೆಯ ನೆರಳಲ್ಲಿ ಮಗ ಮೇಷ್ಟರುಗಳನ್ನು ಬೀದಿಪಾಲು ಮಾಡಲಾದೀತೆ? ವಿಚಾರಣೆಗೆಂದು ಮೂವರ ಸಮಿತಿ ನೇಮಕವಾಯಿತು; ಮೂವರೂ ಹೆಸರಾಂತ ಕಾರ್ಮಿಕ ಮುಖಂಡರೇ. ತೀರ್ಪು ಯಾವ ಕಡೆಗೆ ವಾಲೀತೆಂಬುದು ನ್ಯೂಯಾರ್ಕಿನ ಟ್ಯಾಕ್ಸಿಯವರಿಗೂ ಗೊತ್ತಿದ್ದಿರಬೇಕು.

ಅಷ್ಟರಲ್ಲಿ ಶಾಲಾ ಕಟ್ಟಡಗಳ ಹಗರಣದಲ್ಲಿ ಮಂಡಳಿಯೇ ಮುಗ್ಗರಿಸಿತು. 1961ರಲ್ಲಿ ರಾಜ್ಯದ ಶಾಸನಸಭೆ ಅದನ್ನು ಬರಖಾಸ್ತು ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಶಿಕ್ಷಕರು ತಮ್ಮ ಪರ ಮಾತಾಡುವ ಸಂಘವನ್ನು ಮತ ಹಾಕಿ ಆರಿಸಿದರು. ಯುನೈಟೆಡ್ ಫೆಡರೇಷನ್‌ಗೆ ಬಂದ ಮತ ಇಪ್ಪತ್ತು ಸಾವಿರ; ಎದುರಾಳಿಗಳೆಲ್ಲ ಬಹಳ ಹಿಂದೆ ಬಿದ್ದರು. ನಮ್ಮ ಶಿಕ್ಷಕರ ಮತ ವಿಧಾನ ಪರಿಷತ್ತಿನ ಕುರ್ಚಿಗೆ ಸಲ್ಲುತ್ತದೆ. ಅವರ ಮತ ಕರಾರಿನ ಮೇಜಿಗೆ ಸಂದಿತು. 1962ರ ಏಪ್ರಿಲ್ 11ರಂದು ಮಾತುಕತೆ ಮುರಿದಾಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಬೀದಿಗಿಳಿದರು. ಹದಿನೇಳು ತಿಂಗಳಲ್ಲಿ ಐದು ಸಾವಿರವು ಇಪ್ಪತ್ತು ಸಾವಿರವಾಗಿತ್ತು. ನ್ಯಾಯಾಲಯದ ತಡೆಯಾಜ್ಞೆಗೆ ಮಣಿದು ಮರುದಿನವೇ ಒಳಗೆ ಹೋದರಾದರೂ, ಅಲ್ಲಿ ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವ ಗವರ್ನರ್ ರಾಕ್‌ಫೆಲ್ಲರ್ ಹಣದ ದಾರಿ ಹುಡುಕಿಕೊಟ್ಟ. ಕರಾರು ಬರೆಯಲಾಯಿತು: ವರ್ಷಕ್ಕೆ 995 ಡಾಲರ್ ಏರಿಕೆ, ದೂರು ಕೇಳುವ ವ್ಯವಸ್ಥೆ, ಮತ್ತು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕಾವಲಿಲ್ಲದ ಊಟದ ಬಿಡುವು. ಡಾಲರಿನ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ಬಾಗಿಲು ಮುಚ್ಚಿ, ಕುರ್ಚಿಯಲ್ಲಿ ಕುಳಿತು, ಬಿಸಿಯಿರುವಾಗಲೇ ಕಾಫಿ ಕುಡಿದವರಿಗೆ ಮಾತ್ರ ಆ ಬಿಡುವಿನ ಬೆಲೆ ಗೊತ್ತು.

ಗೆದ್ದವರು ಗೆಲುವಿನ ರುಚಿ ಹತ್ತಿದ ಮೇಲೆ ನಿಲ್ಲುವುದುಂಟೆ? 1967ರ ಮುಷ್ಕರದಲ್ಲಿ, ಕಾಂಡನ್-ವಾಡ್ಲಿನ್ ಕಾಯ್ದೆಯ ಜಾಗಕ್ಕೆ ಆಗ ತಾನೇ ಬಂದಿದ್ದ ಟೇಲರ್ ಕಾಯ್ದೆಯಡಿ, ಅಷ್ಟುಹೊತ್ತಿಗೆ ಅಧ್ಯಕ್ಷನಾಗಿದ್ದ ಶ್ಯಾಂಕರ್ ಹದಿನೈದು ದಿನ ಸೆರೆ ಕಂಡ. ಅಷ್ಟರಲ್ಲಿ ಬ್ರೂಕ್ಲಿನ್ನಿನ ಓಷನ್ ಹಿಲ್-ಬ್ರೌನ್ಸ್‌ವಿಲ್‌ನಲ್ಲಿ ಕಪ್ಪು ಜನರ ಕೈಗೆ ಶಾಲೆಯ ಆಡಳಿತವನ್ನು ಪ್ರಾಯೋಗಿಕವಾಗಿ ಕೊಡಲಾಗಿತ್ತು. ಅಲ್ಲಿನ ಆಡಳಿತಾಧಿಕಾರಿ ರೋಡಿ ಮಕಾಯ್ 1968ರ ಮೇ ತಿಂಗಳಲ್ಲಿ ಹತ್ತೊಂಬತ್ತು ಮಂದಿಯನ್ನು, ಹೆಚ್ಚಿನವರು ಬಿಳಿಯ ಯಹೂದಿಗಳು, ಆ ಶಾಲೆಗಳಿಂದ ಹೊರಗೆ ಕಳಿಸಿದ. ಸಂಘ ಇಡೀ ನಗರದ ಶಾಲೆಗಳನ್ನು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬಿಟ್ಟು ಬಿಟ್ಟು ಮೂವತ್ತಾರು ದಿನ ನಿಲ್ಲಿಸಿತು. ಹತ್ತು ಲಕ್ಷ ಮಕ್ಕಳ ಓದು ನಿಂತಿತು. ಕರಾರಿನ ಅಕ್ಷರದ ಪ್ರಕಾರ ಸಂಘದ ಮಾತು ಸರಿಯಿತ್ತು ಎಂದೇ ನನ್ನ ಎಣಿಕೆ. ಆದರೆ ತಲೆಮಾರುಗಳಿಂದ ಶಾಲೆ ತಮ್ಮ ಮಕ್ಕಳನ್ನು ಕೈಬಿಟ್ಟದ್ದನ್ನು ಕಂಡ ತಾಯಂದಿರಿಗೆ ಆ ಕರಾರು ಯಾರದೋ ಮನೆಯ ಬೀಗದಂತೆ ಕಂಡಿತು. ಅಂದು ಯಹೂದಿ-ಕಪ್ಪು ಜನರ ನಡುವೆ ಬಿದ್ದ ಬಿರುಕು ಬಹುಕಾಲ ಕೂಡಲಿಲ್ಲ.

ಹಡ್ಸನ್ ನದಿ ದಾಟಿದರೆ ನ್ಯೂಜೆರ್ಸಿ. ಅಲ್ಲಿನ ನ್ಯೂಆರ್ಕ್ ನಗರದ ಕಥೆ ಇನ್ನೂ ಕಹಿ. 1967ರ ದಂಗೆಯಲ್ಲಿ ಇಪ್ಪತ್ತಾರು ಜನ ಸತ್ತು ಊರು ಕಮರಿಹೋಗಿತ್ತು. 1970ರ ಫೆಬ್ರವರಿಯಲ್ಲಿ ಅಲ್ಲಿನ ಶಿಕ್ಷಕರು ಮೂರು ವಾರ ಮುಷ್ಕರ ಹೂಡಿದರು. ಮುಷ್ಕರ ಬೇಡವೆಂದು ನ್ಯೂಜೆರ್ಸಿಯ ಶಾಸನ ಹೇಳುವುದಿಲ್ಲ; ಹೇಳುವುದು ನ್ಯಾಯಾಲಯ. ಹೀಗಾಗಿ ಅವರ ಪಾಲಿಗೆ ಬಂದದ್ದು ನ್ಯಾಯಾಂಗ ನಿಂದನೆಯ ಅಪರಾಧ. ಇನ್ನೂರರ ಹತ್ತಿರ ಶಿಕ್ಷಕರು ಜೈಲಿನ ಅನ್ನ ಉಂಡರು. ಆದರೂ ಕರಾರಿನಲ್ಲಿ ಒಂದು ಸಾಲು ಗೆದ್ದರು: ಊಟದ ಮನೆ, ಆಟದ ಬಯಲು, ಕಾರಿಡಾರ್ ಕಾಯುವ ‘ವೃತ್ತಿಗೆ ಸೇರದ ಚಾಕರಿ’ ಇನ್ನು ತಮ್ಮದಲ್ಲ.

ಇಲ್ಲಿ ನೋಡಿ, ಈಸ್ಟ್ ಹಾರ್ಲೆಮಿನ ಕಾಗದದ ಚೂರು ಹೇಗೆ ತಿರುಗಿ ಬಂತು! ಮೇಷ್ಟರ ಬಾಯಿ ಮುಚ್ಚಿಸಲು ಅಂದು ಅಧಿಕಾರಿ ಎತ್ತಿದ ಮಾತು ಈಗ ಮೇಷ್ಟರ ಬಾಯಲ್ಲೇ ಇತ್ತು. ಜನಗಣತಿ, ಮತಗಟ್ಟೆ, ಬಿಸಿಯೂಟದ ಮೊಟ್ಟೆಯ ಲೆಕ್ಕ ಹೊತ್ತ ನಮ್ಮ ಶಿಕ್ಷಕರು ಆ ಸಾಲಿಗೆ ಎರಡು ಕೈ ಎತ್ತಿ ಒಪ್ಪಿಗೆ ಕೊಟ್ಟಾರು. ನ್ಯೂಆರ್ಕಿನ ಕಪ್ಪು ತಾಯಂದಿರಿಗೆ ಅದು ಬೇರೆಯಾಗಿ ಕೇಳಿಸಿತು: ನಿಮ್ಮ ಮಗು ತರಗತಿಯಿಂದ ಹೊರಗೆ ಕಾಲಿಟ್ಟ ಮೇಲೆ ಅದನ್ನು ನೋಡಿಕೊಳ್ಳುವುದು ನಮ್ಮ ಘನತೆಗೆ ಕಡಿಮೆ.

ಆ ವರ್ಷವೇ ಕೆನೆತ್ ಗಿಬ್ಸನ್ ಆ ಊರಿನ ಮೊದಲ ಕಪ್ಪು ಮೇಯರ್ ಆದ. ಶಿಕ್ಷಣ ಮಂಡಳಿಯ ಹೊಸ ಅಧ್ಯಕ್ಷ ಜೆಸ್ಸಿ ಜೇಕಬ್ ಕಪ್ಪು ಮನುಷ್ಯ. ಎದುರು ಕುಳಿತ ಸಂಘದ ಅಧ್ಯಕ್ಷೆ ಕ್ಯಾರೋಲ್ ಗ್ರೇವ್ಸ್ ಕೂಡ ಕಪ್ಪು ಹೆಂಗಸು. ಆದರೂ ಜಗಳಕ್ಕೆ ಬಣ್ಣ ಅಂಟಿಯೇ ಅಂಟಿತು. ಚಾಕರಿಯ ಸಾಲನ್ನು ಅಳಿಸುತ್ತೇನೆಂದು ಮಂಡಳಿ, ಬಿಡೆವೆಂದು ಸಂಘ. 1971ರ ಫೆಬ್ರವರಿ 1ರಂದು ಶುರುವಾದ ಮುಷ್ಕರದ ಎರಡನೆಯ ದಿನವೇ ಸಂಘದ ಕಚೇರಿಯ ಹತ್ತಿರ ಶಿಕ್ಷಕರನ್ನು ಗುಂಪೊಂದು ಹೊಡೆದು ಬೀಳಿಸಿತು. ಚಳಿ ಕಳೆದು ಮರ ಚಿಗುರಿದರೂ ಶಾಲೆ ಸರಿಯಾಗಿ ನಡೆಯಲಿಲ್ಲ. ಹನ್ನೊಂದು ವಾರ! ದೇಶದ ಯಾವ ದೊಡ್ಡ ನಗರವೂ ಅಷ್ಟು ದೀರ್ಘ ಶಿಕ್ಷಕ ಮುಷ್ಕರವನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಗಿಬ್ಸನ್ ನಡುವೆ ಬಂದು ರಾಜಿ ಮಾಡಿಸಿದಾಗ ಏಪ್ರಿಲ್ 18.

ಆಮೇಲೆ ಕಾವು ಇಳಿಯಿತು. 1975ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದಾಗ, ಅದೇ ಶ್ಯಾಂಕರ್ ಮೊದಲು ಆಗದೆಂದು ಹೇಳಿ, ಕೊನೆಯ ಗಳಿಗೆಯಲ್ಲಿ ಶಿಕ್ಷಕರ ಪಿಂಚಣಿ ನಿಧಿಯ ಹದಿನೈದು ಕೋಟಿ ಡಾಲರಿನಿಂದ ಸಾಲಪತ್ರ ಕೊಳ್ಳಲು ಒಪ್ಪಿದ. ನಗರ ಉಳಿಯಿತು. ಮೇಜಿನ ಎರಡೂ ಬದಿಗೆ ಇದ್ದವರಿಗೆ ತಾವು ಒಂದೇ ದೋಣಿಯಲ್ಲಿರುವುದು ಅಂದು ಕಂಡಿತು.

ನಂತರದ ಒಂದು ಪ್ರಸಂಗ ಮಾತ್ರ ಹೇಳುತ್ತೇನೆ. ನ್ಯೂಜೆರ್ಸಿಯ ಮಿಡ್ಲ್‌ಟೌನ್, 2001ರ ನವೆಂಬರ್ ಕೊನೆ. ಸೆಪ್ಟೆಂಬರ್ 11ರಂದು ಹತ್ತಾರು ನಿವಾಸಿಗಳನ್ನು ಕಳೆದುಕೊಂಡ ಊರದು, ಸೂತಕವಿನ್ನೂ ಹರಿದಿರಲಿಲ್ಲ. ಆರೋಗ್ಯ ವಿಮೆಗೆ ಶಿಕ್ಷಕರು ಎಷ್ಟು ತೆರಬೇಕೆಂಬ ವ್ಯಾಜ್ಯದಲ್ಲಿ ತರಗತಿಗಳು ಖಾಲಿಯಾದವು. ಕೆಲಸಕ್ಕೆ ಮರಳಿ ಎಂದು ನ್ಯಾಯಾಲಯ ಹೇಳಿತು, ಅವರು ಮರಳಲಿಲ್ಲ. ಆಗ ಫ್ರೀಹೋಲ್ಡ್‌ನ ನ್ಯಾಯಾಲಯದಲ್ಲಿ ಒಬ್ಬೊಬ್ಬರ ಹೆಸರನ್ನೂ ಅಕಾರಾದಿಯಾಗಿ ಕರೆಯಲಾಯಿತು. ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದು ಮಕ್ಕಳ ಹೆಸರು ಕೂಗಿದವರು ಈಗ ತಮ್ಮ ಹೆಸರು ಬಂದಾಗ ಎದ್ದು ನಿಂತರು. ಹೋಗುತ್ತೀರಾ ಎಂಬ ಪ್ರಶ್ನೆಗೆ ಇಲ್ಲ ಎಂದವರ ಕೈಗೆ ಬೇಡಿ. ದಿನಕ್ಕಷ್ಟು ಜನರಂತೆ ಸರದಿ ಸಾಗಿ, 228 ಮಂದಿ ಒಳಗಾದ ಮೇಲೆ, ಡಿಸೆಂಬರ್ 7ರಂದು ಸಂಘವು ಮಧ್ಯಸ್ಥಿಕೆಗೆ ಒಪ್ಪಿತು. ಮುಂದಿನ ವಾರ ಶಾಲೆಯಲ್ಲಿ ಮಕ್ಕಳ ಹಾಜರಿ ಕೂಗಿದವರು ಅವರೇ.